ಮಾಬೇಲೆಯ ದಂಡದ ಚೀಟಿಗಳು

ಮಂಗಳವಾರ ಬೆಳಿಗ್ಗೆ ಸಮುದ್ರದ ಬಂಡೆಗಳ ಮೇಲೆ ತೆಂಬಿಲೆ ತನ್ನ ಹೆತ್ತ ತಾಯಿ ಮಾಬೇಲೆಗೇ ಮುನ್ನೂರು ರ್‍ಯಾಂಡ್ ದಂಡ ಬರೆದ. ಸಂಜೆ ಡ್ಯೂಟಿ ಮುಗಿಸಿ, ಬೂಟು ಬಿಚ್ಚಿ, ಕೈ ತೊಳೆದು, ಆಕೆಯೇ ಬಡಿಸುವ ಊಟಕ್ಕೆ ಬಂದು ಕೂತ.

ಮಾಬೇಲೆ ಎಲ್ಲರಿಗೂ ಬಡಿಸಿದಳು. ಸೊಸೆ ನೊಸಕೆಲೆಗೆ, ಹದಿನಾಲ್ಕು ವರ್ಷದ ಮೊಮ್ಮಗಳು ಅಫಿವೆಗೆ, ಕೊನೆಗೆ ತನಗೆ. ಮೆಕ್ಕೆಜೋಳದ ನುಚ್ಚು, ಬೀನ್ಸು, ಪಕ್ಕದಲ್ಲಿ ಒಂದಿಷ್ಟು ಬೆರಕೆ ಸೊಪ್ಪು. ಮಗನ ತಟ್ಟೆಯಲ್ಲಿ ಮಾತ್ರ ದಂಡದ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಇಟ್ಟಳು.

"ತಿನ್ನು. ನೀನೇ ಬೇಯಿಸಿದ್ದು."

"ಅಮ್ಮ, ನೊಡೆ ನನ್ನ ಪಕ್ಕದಲ್ಲೇ ನಿಂತಿದ್ದ. ನಾನೇನು ಮಾಡ್ಲಿ?"

ನೊಡೆ ಎಂದರೆ ತೀರದ ರಕ್ಷಿತ ವಲಯದ ಮ್ಯಾನೇಜರ್. ತೆಂಬಿಲೆ ಅವನ ಕೈಕೆಳಗಿನ ನಾಲ್ವರು ಗಾರ್ಡುಗಳಲ್ಲಿ ಒಬ್ಬ.

"ನೊಡೆ ನಿನ್ನ ಪಕ್ಕ ಇದ್ದ. ನಿನ್ನ ಹೆಂಡ್ತಿ ನನ್ನ ಪಕ್ಕ ಇದ್ಲು. ಅವಳ ಹೆಸರಿಗೆ ಯಾಕೋ ಬರೀಲಿಲ್ಲ?"

ನೊಸಕೆಲೆಯ ಕೈ ತುತ್ತಿನಲ್ಲೇ ನಿಂತಿತು.

"ನಾನು ನೋಡ್ಲಿಲ್ಲ," ಎಂದ ತೆಂಬಿಲೆ.

"ನೋಡ್ಲಿಲ್ವಂತೆ! ಕೆಂಪು ಹೊದಿಕೆ ಸುತ್ಕೊಂಡು ಬಂಡೆ ಹಿಂದೆ ಕೂತಿದ್ಲು. ಗುಡ್ಡದ ಮೇಲಿನ ದನಕ್ಕೂ ಕಾಣ್ತಿತ್ತು."

"ಅತ್ತೆ, ನಾನೇನು…"

"ನೀನು ಸುಮ್ನಿರು ಮಕೋಟಿ, ನಿನ್ನ ತಪ್ಪೇನಿಲ್ಲ." ಮದುವೆಯಾಗಿ ಹದಿನಾರು ವರ್ಷ ಕಳೆದರೂ ಮಾಬೇಲೆ ಸೊಸೆಯನ್ನು ಹೊಸ ಮದುಮಗಳನ್ನು ಕರೆದ ಹಾಗೆ ಮಕೋಟಿ ಎಂದೇ ಕರೆಯುತ್ತಿದ್ದಳು. "ಗಂಡನ ಕಣ್ಣಿಗೆ ಹೆಂಡ್ತಿ ಕಾಣ್ಲಿಲ್ಲ, ಹೆತ್ತೋಳು ಕಂಡ್ಲು. ಎಂಥಾ ಕಣ್ಣಪ್ಪಾ ನಿಂದು!"

"ಮಖುಲು," ಎಂದು ಅಜ್ಜಿಯನ್ನು ಕರೆದಳು ಅಫಿವೆ, "ಅಪ್ಪನ ಚೀಟಿಗೆ ಸ್ವಲ್ಪ ಉಪ್ಪು ಹಾಕ್ಲಾ?"

"ಎದ್ದು ಹೋಗಿ ಓದ್ಕೋ!" ಎಂದು ಗದರಿದ ತೆಂಬಿಲೆ. ಗದರಲು ಆ ಮನೆಯಲ್ಲಿ ಅವನಿಗೆ ಉಳಿದಿದ್ದವಳು ಅವಳೊಬ್ಬಳೇ.

ಮಾಬೇಲೆ ತನ್ನ ತಟ್ಟೆ ಎತ್ತಿಕೊಂಡು ನಿಂತಳು. "ನಾಳೆಯಿಂದ ನನ್ನ ಒಲೆ ಬೇರೆ. ಆ ಖಾಕಿ ಬಟ್ಟೆ ಸಂಬಳದಲ್ಲಿ ಬಂದ ಒಂದು ಕಾಳೂ ನಂಗೆ ಬೇಡ."

ಎಮ್ತೊಂಬೇನಿ ಊರು ಹಿಂದೆ ಗುಡ್ಡದ ಮೇಲಿರಲಿಲ್ಲ. ಮಾಬೇಲೆ ಮದುವೆಯಾಗಿ ಬಂದಾಗ ಮನೆಗಳೆಲ್ಲ ಕೆಳಗೆ, ಅಲೆಯ ಸದ್ದು ಒಲೆಯವರೆಗೆ ಕೇಳುವಷ್ಟು ಹತ್ತಿರ ಇದ್ದವು. ಬಿಳಿಯರ ಸರ್ಕಾರ ಕೂರಿಸಿದ್ದ ಕರಿಯರ ಸರ್ಕಾರದ ಪೊಲೀಸರು ಒಂದು ಚಳಿಗಾಲ ಲಾರಿಗಳಲ್ಲಿ ಬಂದು ಹುಲ್ಲಿನ ಮಾಡುಗಳಿಗೆ ಬೆಂಕಿಯಿಟ್ಟು, ಜನರನ್ನು ಗುಡ್ಡಕ್ಕೆ ಓಡಿಸಿ, ತೀರದುದ್ದಕ್ಕೂ ಮುಳ್ಳುತಂತಿ ಎಳೆದರು. ಕಾಡುಪ್ರಾಣಿಗಳಿಗೆ ಜಾಗ ಬೇಕು ಎಂದರು. ಮಾಬೇಲೆಯ ಗಂಡ ಗಾಳ ಹಾಕಲು ತಂತಿ ದಾಟಿ ಹೋಗಿ ಸಿಕ್ಕಿಬಿದ್ದು ಆರು ತಿಂಗಳು ಜೈಲಿನಲ್ಲಿದ್ದ. ಅಲ್ಲಿಂದ ಕೆಮ್ಮು ಹಿಡಿದುಕೊಂಡು ಬಂದವನು ಎರಡು ವರ್ಷವೂ ಬದುಕಲಿಲ್ಲ. ಆಮೇಲೆ ಕಾಲ ಬದಲಾಯಿತು. ಮೊದಲ ಸಲ ವೋಟು ಹಾಕುವ ದಿನ ಮಾಬೇಲೆ ಏಳು ಗಂಟೆ ಸಾಲಿನಲ್ಲಿ ನಿಂತಿದ್ದಳು. ವೋಟು ಬಂತು, ಕರೆಂಟು ಬಂತು, ಮುದುಕರಿಗೆ ಪಿಂಚಣಿ ಬಂತು. ಮುಳ್ಳುತಂತಿ ಮಾತ್ರ ಇದ್ದಲ್ಲೇ ಇತ್ತು. ಹಳೆಯ ಸರ್ಕಾರ ಮಾಡಿದ ಮೀನುಗಾರಿಕೆ ಕಾನೂನನ್ನೇ ಹೊಸ ಸರ್ಕಾರ ಇಪ್ಪತ್ತು ವರ್ಷ ಪಾಲಿಸಿತು.

ಹೊಟ್ಟೆ ಕಾಯಬೇಕಲ್ಲ. ಅಮಾವಾಸ್ಯೆ ಹುಣ್ಣಿಮೆಗೆ ಸಮುದ್ರ ತುಂಬ ಇಳಿದಾಗ ಹೆಂಗಸರು ತಂತಿಯಡಿ ತೆವಳಿ ಹೋಗಿ ಬಂಡೆಗೆ ಕಚ್ಚಿಕೊಂಡ ಚಿಪ್ಪುಮೀನನ್ನು ಲಾರಿ ಸ್ಪ್ರಿಂಗಿನ ತುಂಡಿನಿಂದ ಕಿತ್ತು ತರುತ್ತಿದ್ದರು. ಈರುಳ್ಳಿ ಹಾಕಿ ಹುರಿದರೆ ಆ ವಾರ ಎರಡು ದಿನ ಮಕ್ಕಳು ಹೊಟ್ಟೆತುಂಬ ಉಣ್ಣುತ್ತಿದ್ದರು. ಗಾರ್ಡುಗಳು ಹಿಡಿದಾಗ ದಂಡ. ಕಟ್ಟದಿದ್ದರೆ ಠಾಣೆ. ತೆಂಬಿಲೆ ಇಪ್ಪತ್ತರ ಹರೆಯದಲ್ಲಿ ಅದೇ ಗಾರ್ಡು ಕೆಲಸಕ್ಕೆ ಸೇರಿದ, ಯಾಕೆಂದರೆ ಸುತ್ತ ಮೂವತ್ತು ಮೈಲಿಯಲ್ಲಿ ತಿಂಗಳ ಸಂಬಳ ಕೊಡುವ ಕೆಲಸ ಬೇರೊಂದಿರಲಿಲ್ಲ. ಮಾಬೇಲೆ ಒಂದು ವರ್ಷ ಅತ್ತು, ಮುಂದಿನ ಹತ್ತೊಂಬತ್ತು ವರ್ಷ ಆ ಬಟ್ಟೆಗೆ ಇಸ್ತ್ರಿ ಹಾಕಿಕೊಟ್ಟಿದ್ದಳು. ಆದರೆ ಅವಳ ಹೆಸರಿನ ಚೀಟಿ ಅವನ ಕೈಯಿಂದಲೇ ಬಂದದ್ದು ಇದೇ ಮೊದಲು.

ಒಂದೇ ಅಂಗಳದಲ್ಲಿ ಎರಡು ಹೊಗೆ ಏಳತೊಡಗಿದವು. ಮಾಬೇಲೆ ತನ್ನ ದುಂಡು ಗುಡಿಸಲಿನಲ್ಲಿ ಪಿಂಚಣಿ ದುಡ್ಡಿನ ಹಿಟ್ಟು ಬೇಯಿಸಿದಳು. ನೊಸಕೆಲೆ ಎದುರಿನ ಅಡುಗೆಮನೆಯಲ್ಲಿ ಬೇಯಿಸಿದಳು. ಅಫಿವೆ ಎರಡೂ ಕಡೆ ಉಂಡು ಸುಖವಾಗಿದ್ದಳು.

"ಮಖುಲು, ಅಮ್ಮ ಕೇಳ್ತಿದ್ದಾಳೆ, ಉಪ್ಪು ಇದೆಯಾ ಅಂತ."

"ಇದೆ ಅಂತ ಹೇಳು. ಬೇಕಾದ್ರೆ ಅವಳೇ ಬಂದು ತಗೊಳ್ಲಿ. ಅವಳ ಮೇಲೆ ನಂಗೇನು ಸಿಟ್ಟಿಲ್ಲ."

"ಅಪ್ಪ ಕೇಳ್ತಿದ್ದಾನೆ, ಬಟ್ಟೆ ಇಸ್ತ್ರಿ ಆಗಿದೆಯಾ ಅಂತ."

"ಅವನಿಗೂ ಕೈ ಇದೆ. ದಂಡ ಬರೆಯೋಕೆ ಬರತ್ತಲ್ಲ, ಇಸ್ತ್ರಿ ಹಾಕೋಕೆ ಬರಲ್ವಂತಾ?"

ತೆಂಬಿಲೆ ಸುಕ್ಕು ಬಿದ್ದ ಅಂಗಿಯಲ್ಲೇ ಡ್ಯೂಟಿಗೆ ಹೋದ.

ಆ ಶನಿವಾರ ಶಾಲೆಯ ಮುಂದೆ ಊರ ಸಭೆ ಕರೆದರು. ಮೀನುಗಾರರ ಒಕ್ಕೂಟದ ಕಾರ್ಯದರ್ಶಿ ವುಯಾನಿ ಪಟ್ಟಣದಿಂದ ಬಂದಿದ್ದ. ವರ್ಷಗಟ್ಟಲೆ ಕೋರ್ಟು ಮೆಟ್ಟಿಲು ಹತ್ತಿ ಇಳಿದು ಸೋತ ಮುಖದವನು, ಅವತ್ತು ಮಾತ್ರ ನಗುತ್ತಿದ್ದ.

"ಹೊಸ ಕಾನೂನು ಬಂದಿದೆ," ಎಂದ. "ಹಿಂದಿನ ಕಾಲದಲ್ಲಿ ಯಾರನ್ನ ಸಮುದ್ರದಿಂದ ಓಡಿಸಿದ್ರೋ ಅವರಿಗೆ ಹಕ್ಕು ವಾಪಸ್. ಲೈಸೆನ್ಸು ದೊಡ್ಡ ಕಂಪನಿಗೆ ಮಾತ್ರ ಅನ್ನೋದು ಮುಗೀತು. ಊರಿಗೊಂದು ಸಂಘ. ಪಟ್ಟಿಯಲ್ಲಿ ಯಾರ ಹೆಸರಿದೆಯೋ ಅವರು ತಲೆಯೆತ್ತಿ ಬಂಡೆಗೆ ಹೋಗಬಹುದು. ಗಂಡಸು ಹೆಂಗಸು ಅಂತ ಭೇದ ಇಲ್ಲ. ಮನೆಗೊಂದೇ ಹೆಸರು ಅಂತಲೂ ಇಲ್ಲ."

ಹೆಂಗಸರು ಕೇಕೆ ಹಾಕಿ ಚಪ್ಪಾಳೆ ತಟ್ಟಿದರು. ವುಯಾನಿ ಕೈಯೆತ್ತಿದ.

"ಒಂದು ತೊಡಕಿದೆ. ಐದು ವಾರದಲ್ಲಿ ಇಲಾಖೆಯವರು ಬರ್ತಾರೆ. ಹತ್ತು ವರ್ಷದಿಂದಾದ್ರೂ ಈ ತೀರದಲ್ಲಿ ದುಡಿದಿದ್ದೀರಿ ಅಂತ ಒಬ್ಬೊಬ್ಬರೂ ಸಾಕ್ಷಿ ತೋರಿಸ್ಬೇಕು. ಬಾಯಿಮಾತು ನಡೆಯಲ್ಲ. ಹೆಸರು, ತಾರೀಕು, ಜಾಗ ಇರೋ ಸರ್ಕಾರಿ ಕಾಗದ."

ಪಕ್ಕದ ಮನೆಯ ಮಾಜೋಲಾ ಎದ್ದು ನಿಂತಳು. "ಕಳ್ಳತನದಲ್ಲಿ ಹೋಗಿ ಬರ್ತಿದ್ದವರಿಗೆ ಯಾವ ಸರ್ಕಾರನಪ್ಪ ಕಾಗದ ಕೊಡತ್ತೆ? ಸಮುದ್ರ ರಶೀದಿ ಕೊಡ್ತಿತ್ತಾ?"

ಮಾಬೇಲೆ ಕೂತಲ್ಲಿಂದಲೇ ರವಿಕೆಯೊಳಗೆ ಕೈ ಹಾಕಿ ಮಡಿಸಿದ ಚೀಟಿ ತೆಗೆದಳು. ಮಂಗಳವಾರದ್ದು.

"ಮಗಾ, ಇದು ಆಗತ್ತಾ ನೋಡು. ಹೆಸರು ನಂದೇ. ತಾರೀಕಿದೆ. ಯಾವ ಬಂಡೆ ಅಂತಲೂ ಬರೆದವ್ನೆ. ಅಕ್ಷರ ಚೆನ್ನಾಗಿದೆ, ನನ್ನ ಮಗನದ್ದೇ."

ವುಯಾನಿ ಚೀಟಿ ಓದಿದ. ಸೀಲು ನೋಡಿದ. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದ.

"ಅಮ್ಮಾ," ಎಂದ, "ಇಂಥವು ಇನ್ನೆಷ್ಟಿವೆ?"

ಸಭೆ ಮುಗಿಯುವವರೆಗೂ ಯಾರೂ ಕಾಯಲಿಲ್ಲ. ಹೆಂಗಸರು ಲಂಗ ಎತ್ತಿ ಕಟ್ಟಿ ಮನೆಗಳಿಗೆ ಓಡಿದರು. ಸರ್ಕಾರದ ಸೀಲಿರುವ ಕಾಗದ ಎಸೆಯಬಾರದು, ಎಸೆದರೆ ಮತ್ತೆ ಹಿಡಿದುಕೊಂಡು ಹೋಗುತ್ತಾರೆ ಎಂಬ ಹೆದರಿಕೆಯಿಂದ ಎಲ್ಲರೂ ಎಲ್ಲವನ್ನೂ ಇಟ್ಟುಕೊಂಡಿದ್ದರು. ಹಾಸಿಗೆಯಡಿಯಿಂದ, ಬೈಬಲಿನ ನಡುವಿನಿಂದ, ಹುಲ್ಲುಮಾಡಿನ ಸಂದಿಯಿಂದ, ಬಿಸ್ಕತ್ತಿನ ಡಬ್ಬಿಗಳಿಂದ ಚೀಟಿಗಳು ಹೊರಬಂದವು. ಮಾಜೋಲಾ ಗಾಳಿ ಬರುವ ಗೋಡೆಗೆ ಅವನ್ನೇ ಅಂಟಿಸಿದ್ದಳು. ಈಗ ಬಿಸಿನೀರು ಚಿಮುಕಿಸಿ ಒಂದೊಂದಾಗಿ ಬಿಡಿಸಿದಳು.

ಮಾಬೇಲೆಯ ಹತ್ತಿರ ಮೂವತ್ತೊಂದು ಸಿಕ್ಕವು. ಎಲ್ಲಕ್ಕಿಂತ ಹಳೆಯದು ಅವಳ ಅತ್ತೆಯ ಹೆಬ್ಬೆಟ್ಟಿನದು.

ಆದರೆ ಹಳೆಯ ಚೀಟಿಗಳು ಬಿಳಿಯರ ಭಾಷೆಯಲ್ಲಿದ್ದವು, ಅದೂ ಗಾರ್ಡುಗಳ ಕಾಗೆಕಾಲಿನ ಬರಹ. ಜಾಗದ ಹೆಸರಿಲ್ಲ, ಬರೀ ನಂಬರು. ಯಾವ ನಂಬರು ಯಾವ ಬಂಡೆ ಎಂದು ಹೇಳಬಲ್ಲ ಹಳೆಯ ಗಾರ್ಡು ಊರಿಗೊಬ್ಬನೇ. ಅವನು ಎದುರಿನ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತಿದ್ದ.

"ಅಫಿವೆ," ಎಂದಳು ಮಾಬೇಲೆ, ಅಂಗಳದಾಚೆಗೆ ಕೇಳುವಂತೆ, "ನಿಮ್ಮಪ್ಪನ್ನ ಕೇಳು, ಭಾನುವಾರ ಪುರುಸೊತ್ತಿದೆಯಾ ಅಂತ."

"ಅಪ್ಪಾ, ಮಖುಲು ಕೇಳ್ತಿದ್ದಾರೆ…"

"ಕೇಳಿಸ್ತು. ಇದೆ ಅಂತ ಹೇಳು."

"ಮಖುಲು, ಇದೆಯಂತೆ."

"ನಂಗೂ ಕೇಳಿಸ್ತು. ನಾನೇನು ಕಿವುಡಿಯಾ?"

ಭಾನುವಾರ ಚರ್ಚಿನಿಂದ ಬಂದ ಹೆಂಗಸರು ಅಂಗಳ ತುಂಬ ಚಾಪೆ ಹಾಸಿ ಕೂತರು. ತೆಂಬಿಲೆ ಮೇಜು ಹಾಕಿಕೊಂಡು ಒಂದೊಂದೇ ಚೀಟಿ ಬಿಡಿಸಿ ಓದಿದ. ಅಫಿವೆ ನೋಟುಬುಕ್ಕಿನಲ್ಲಿ ಬರೆದುಕೊಂಡಳು. ಓದುತ್ತ ಓದುತ್ತ ಅವನ ದನಿ ತಗ್ಗಿತು. ಹದಿನಾಲ್ಕು ಚಿಪ್ಪಿಗೆ ಠಾಣೆಯಲ್ಲಿ ಎರಡು ದಿನ. ತುಂಬು ಬಸುರಿಗೆ ದಂಡ. ತನ್ನ ತಂದೆ ಸತ್ತ ತಿಂಗಳಿನಲ್ಲೇ ತಾಯಿಗೆ ಮೂರು ಸಲ.

"ಈ ಮೂರು ಸಲ ಏನಮ್ಮ?" ಎಂದ.

ಐದು ದಿನಗಳ ಬಳಿಕ ಅವಳು ನೇರವಾಗಿ ಮಗನ ಮುಖ ನೋಡಿ ಮಾತಾಡಿದಳು. "ಹೂಳೋ ದಿನ ಬಂದವರಿಗೆ ಊಟ ಹಾಕ್ಬೇಕಿತ್ತಲ್ಲಪ್ಪ. ಮನೇಲಿ ಏನಿತ್ತು?"

ತೆಂಬಿಲೆ ಆ ಮೂರು ಚೀಟಿಗಳನ್ನು ಒಂದರ ಮೇಲೊಂದು ಇಟ್ಟು ಅಂಗೈಯಲ್ಲಿ ನೀವಿ ಸಮ ಮಾಡಿದ. ಮಧ್ಯಾಹ್ನ ಮಾಬೇಲೆ ಅವನ ಮುಂದೆ ಹುಳಿಹಾಲು ಹಾಕಿದ ನುಚ್ಚಿನ ತಟ್ಟೆ ತಂದಿಟ್ಟಳು.

"ರಾಜಿ ಆಯ್ತು ಅಂದ್ಕೋಬೇಡ. ಕೆಲಸ ಮಾಡಿದವನಿಗೆ ಊಟ ಹಾಕ್ಬೇಕು, ಅದಕ್ಕೆ."

ಸಂಜೆಯ ಹೊತ್ತಿಗೆ ನೂರಹನ್ನೊಂದು ಹೆಂಗಸರ, ಮೂರು ಗಂಡಸರ ಹೆಸರು ಆಯಿತು. ಆಗ ಮಾಜೋಲಾ ಕೇಳಿದಳು: "ಎಲ್ಲಿ, ನೊಸಕೆಲೆಯ ಚೀಟಿ ಎಲ್ಲಿ?"

ನೊಸಕೆಲೆ ತಲೆ ತಗ್ಗಿಸಿದಳು. "ನನ್ನ ಹತ್ರ ಒಂದೂ ಇಲ್ಲ."

"ಹದಿನಾರು ವರ್ಷದಲ್ಲಿ ಒಂದ್ಸಲನೂ ಸಿಕ್ಕಿಬಿದ್ದಿಲ್ವಾ? ಅಯ್ಯೋ ಜಾಣೆ!"

ಎಲ್ಲರೂ ನಕ್ಕರು. ನೊಸಕೆಲೆಯೂ ನಕ್ಕಳು. ಹೆಂಗಸರು ಹೋದ ಮೇಲೆ ಪಾತ್ರೆ ತೊಳೆಯುತ್ತ ಕೂತವಳು ಗಂಡನ ಕಡೆ ತಿರುಗಿದಳು.

"ಅಫಿವೆ ಅಪ್ಪ, ನನ್ನ ಹೆಸರಿಗೂ ಒಂದು ಚೀಟಿ ಬರೆದುಕೊಡಿ. ಹಳೇ ತಾರೀಕು ಹಾಕಿ."

"ಹುಚ್ಚಾ ನಿನಗೆ? ಸುಳ್ಳು ಬರೆಯಲ್ಲ ನಾನು. ಒಂದು ಸುಳ್ಳು ಸಿಕ್ಕಿದ್ರೆ ಆ ನೊಡೆ ಎಲ್ಲರ ಚೀಟಿನೂ ಸುಳ್ಳು ಅಂತಾನೆ."

"ಹಾಗಾದ್ರೆ ನಿಜ ಹೇಳಿ."

"ಏನು ನಿಜ?"

"ಕಾಗದ ಇಲ್ದಿದ್ರೆ ಕಣ್ಣಾರೆ ಕಂಡವರ ಸಾಕ್ಷಿ ಆಗತ್ತಂತೆ. ಪಟ್ಟಿಗೆ ಅರ್ಜಿ ಹಾಕಿದವರು ಹೇಳೋ ಹಾಗಿಲ್ಲ. ಊರಲ್ಲಿ ಎಲ್ಲರೂ ಅರ್ಜಿ ಹಾಕಿದ್ದಾರೆ, ಗಾರ್ಡುಗಳನ್ನ ಬಿಟ್ಟು. ವುಯಾನಿಯವರನ್ನ ಕೇಳಿದೆ. ನೀವು ನನ್ನನ್ನ ನೋಡಿದ್ದೀರಿ."

ತೆಂಬಿಲೆ ಬಾಗಿಲ ಕಡೆ ನೋಡಿದ, ಯಾರಾದರೂ ಕೇಳಿಸಿಕೊಂಡರೇನೋ ಎಂಬಂತೆ. "ನೋಡಿಯೂ ಬಿಟ್ಟೆ ಅಂತ ನೊಡೆ ಎದುರಿಗೆ ಹೇಳ್ಲಾ? ಅವತ್ತೇ ಮನೆಗೆ ಕಳಿಸ್ತಾನೆ. ಅಫಿವೆ ಸ್ಕೂಲು ಯಾರು ನೋಡ್ಕೋತಾರೆ? ಹಿಟ್ಟಿಗೆ, ಸೀಮೆಎಣ್ಣೆಗೆ?"

ಜಗಳದ ಸದ್ದಿಗೆ ಮಾಬೇಲೆ ಬಂದು ಹೊಸ್ತಿಲಲ್ಲಿ ನಿಂತಿದ್ದಳು. ಅವಳು ಸೊಸೆಯ ಪರ ಮಾತಾಡುತ್ತಾಳೆ ಎಂದು ಇಬ್ಬರೂ ಅಂದುಕೊಂಡಿದ್ದರು.

"ಬಿಟ್ಬಿಡು ಮಕೋಟಿ," ಎಂದಳು. "ಸಂಬಳ ಕಳ್ಕೊಂಡು ಏನು ತಿನ್ನೋದು? ಮನೆಗೆ ನನ್ನ ಒಂದು ಹೆಸರು ಸಾಕು."

"ಅವರ ಸಂಬಳದ ಕಾಳು ಬೇಡ ಅಂದವರು ನೀವೇ ಅಲ್ವಾ ಅತ್ತೆ?"

"ನಂಗೆ ಬೇಡ ಅಂದೆ. ಮೊಮ್ಮಗಳಿಗೆ ಬೇಡ ಅಂದ್ನಾ?"

"ನಿಮ್ಮ ಹೆಸರು ಅಂತೀರಿ. ನಿಮಗೆ ಅರವತ್ತಾರು. ಮಂಡಿ ನೋವು ಅಂತ ರಾತ್ರಿಯೆಲ್ಲಾ ನರಳ್ತೀರಿ. ಆ ಹೆಸರು ನಿಮ್ಮ ಜೊತೆಗೇ ಹೋಗತ್ತೆ. ಆಮೇಲೆ ನಾನು ಮತ್ತೆ ತಂತಿಯಡಿ ತೆವಳ್ಲಾ? ನನ್ನ ಮಗಳು ತೆವಳ್ಬೇಕಾ?" ನೊಸಕೆಲೆ ಕೈಯಲ್ಲಿದ್ದ ಪಾತ್ರೆಯನ್ನು ಕುಕ್ಕಿದಳು. ಅತ್ತೆಗೆ ಅವಳು ಎದುರು ಮಾತಾಡಿದ್ದು ಆ ಮನೆಯಲ್ಲಿ ಅದೇ ಮೊದಲು. "ಹದಿನಾರು ವರ್ಷ ನಿಮ್ಮ ಪಕ್ಕದಲ್ಲೇ ಕಿತ್ತಿದ್ದೀನಿ. ಉಗುರು ಕಿತ್ತು ಬಂದಿದೆ. ಅಲೆ ಹೊಡೆದು ಕೈ ಮುರ್ಕೊಂಡಿದ್ದೀನಿ. ಸಿಕ್ಕಿಬೀಳ್ಲಿಲ್ಲ ಅನ್ನೋ ಒಂದೇ ತಪ್ಪಿಗೆ ನಾನು ಅಲ್ಲಿ ಇರಲೇ ಇಲ್ಲ ಅಂತೀರಾ?"

ಅತ್ತೆ ಸೊಸೆ ಕುಕ್ಕಿದ ಪಾತ್ರೆಯನ್ನು ಎತ್ತಿ ಗೂಡಿನಲ್ಲಿಟ್ಟಳು. ಆಮೇಲೆ ತನ್ನ ಗುಡಿಸಲಿಗೆ ಹೋದಳು.

ಮುಂದಿನ ನಾಲ್ಕು ವಾರ ಆ ಮನೆಯಲ್ಲಿ ಉಪ್ಪು ಖಾರದ ಮಾತು ಬಿಟ್ಟು ಬೇರೆ ಮಾತಿರಲಿಲ್ಲ. ತೆಂಬಿಲೆ ಡ್ಯೂಟಿಯಿಂದ ಬಂದು ದನ ಕಟ್ಟಿ, ಉಂಡು, ಮಲಗುತ್ತಿದ್ದ. ಒಂದು ಬದಲಾವಣೆ ಅಫಿವೆಗೆ ಮಾತ್ರ ಕಂಡಿತು: ಅಪ್ಪನ ಅಂಗಿ ಮತ್ತೆ ಇಸ್ತ್ರಿಯಾಗಿ ಬಾಗಿಲ ಮೊಳೆಯ ಮೇಲೆ ತೂಗುತ್ತಿತ್ತು. ಯಾರು ಮಾಡಿದರೆಂದು ಅವಳು ಕೇಳಲಿಲ್ಲ.

ಇಲಾಖೆಯ ಅಧಿಕಾರಿ ಯಾಂಚಿಸ್ ಎಂಬ ಹೆಂಗಸು. ಎತ್ತರದ ಆಳು, ಬಿಗಿಯಾಗಿ ಕಟ್ಟಿದ ಕೂದಲು. ಶಾಲೆಯ ಸಭಾಂಗಣದಲ್ಲಿ ಗುಮಾಸ್ತನೊಬ್ಬನನ್ನು ಪಕ್ಕದಲ್ಲಿಟ್ಟುಕೊಂಡು ಬೆಳಿಗ್ಗೆ ಎಂಟಕ್ಕೇ ಕೂತಿದ್ದಳು. ರಕ್ಷಿತ ವಲಯದ ಪರವಾಗಿ ನೊಡೆ ಇನ್ನೊಂದು ಕುರ್ಚಿಯಲ್ಲಿ. ಬಾಗಿಲಲ್ಲಿ ನಾಲ್ವರು ಗಾರ್ಡುಗಳು ಯೂನಿಫಾರ್ಮಿನಲ್ಲಿ ನಿಂತಿದ್ದರು.

ಮೊದಲು ಕರೆದದ್ದು ಮಾಬೇಲೆಯನ್ನು. ಅವಳು ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದಳು.

"ಮೂವತ್ತೊಂದು," ಎಂದಳು. "ಊರಲ್ಲಿ ನಂದೇ ಜಾಸ್ತಿ."

"ಸುಳ್ಳು! ನಂದು ಮೂವತ್ತಮೂರು!" ಎಂದು ಹಿಂದಿನಿಂದ ಮಾಜೋಲಾ ಕೂಗಿದಳು. "ಎರಡು ಗೋಡೆಗೇ ಅಂಟ್ಕೊಂಡಿವೆ. ಬೇಕಾದ್ರೆ ಮನೆಗೇ ಬಂದು ನೋಡಿ ಮೇಡಂ."

ಸಭೆಯಲ್ಲಿ ನಗು ಎದ್ದಿತು. ಇಷ್ಟು ವರ್ಷ ನಾಚಿಕೆಯಿಂದ ಬಚ್ಚಿಟ್ಟ ಕಾಗದಗಳನ್ನು ಹೆಂಗಸರು ಈಗ ಬಹುಮಾನದ ಹಾಗೆ ಎತ್ತಿ ಹಿಡಿದಿದ್ದರು. ನೊಡೆ ಗಂಟಲು ಸರಿಮಾಡಿಕೊಂಡ.

"ಮೇಡಂ, ಇವೆಲ್ಲ ಅಪರಾಧದ ದಾಖಲೆ. ಹಕ್ಕಿನ ದಾಖಲೆ ಅಲ್ಲ."

ಯಾಂಚಿಸ್ ಮೇಡಂ ಹೆಬ್ಬೆಟ್ಟಿನ ಚೀಟಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. "ಅಪರಾಧ ಮಾಡಿದ್ದು ಯಾರು ಅಂತ ಹೊಸ ಕಾನೂನಿನ ಮೊದಲನೇ ಪುಟದಲ್ಲೇ ಬರೆದಿದೆ ಮಿಸ್ಟರ್ ನೊಡೆ, ಓದಿ. ಇಲ್ಲಿ ನನ್ನ ಪ್ರಶ್ನೆ ಒಂದೇ. ಇವರು ಅಷ್ಟು ವರ್ಷ ಆ ಬಂಡೆಗಳ ಮೇಲೆ ಇದ್ದರೋ ಇಲ್ಲವೋ? ಇದ್ದರು ಅಂತ ನಿಮ್ಮ ಆಫೀಸೇ ಸೀಲು ಒತ್ತಿ ಕೊಟ್ಟಿದೆ. ಮುಂದಿನವರು!"

ಆಮೇಲೆ ಚಪ್ಪಾಳೆಗೆ ಕೊನೆಯಿರಲಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ನೊಸಕೆಲೆಯ ಸರದಿ ಬಂತು.

"ಕಾಗದ?"

"ಇಲ್ಲ ಮೇಡಂ."

"ಗಂಡನ ತಂದೆಯ ಹೆಸರು?"

ನೊಸಕೆಲೆ ಬಾಯಿ ಮುಚ್ಚಿಕೊಂಡಳು. ಸೊಸೆಯಾದವಳು ಮಾವನ ಹೆಸರು ಹೇಳುವಂತಿಲ್ಲ. ಮಾಬೇಲೆಯೇ ಹಿಂದಿನಿಂದ ಕೂಗಿ ಹೇಳಿದಳು. ಗುಮಾಸ್ತ ಬರೆದುಕೊಂಡ.

"ಸಾಕ್ಷಿ ಯಾರಾದ್ರೂ? ಅರ್ಜಿ ಹಾಕಿದವರು ಆಗಲ್ಲ."

ನೊಸಕೆಲೆ ಬಾಗಿಲ ಕಡೆ ತಿರುಗಲಿಲ್ಲ. ಅವಳ ಕಣ್ಣು ಮೇಜಿನ ಅಂಚಿನ ಮೇಲೇ ನೆಟ್ಟಿತ್ತು. ಯಾಂಚಿಸ್ ಮೇಡಂ ಪೆನ್ನು ಕೆಳಗಿಟ್ಟು, "ಹಾಗಾದ್ರೆ ನಾನು…" ಎನ್ನುವಷ್ಟರಲ್ಲಿ ಹಿಂದಿನಿಂದ ಬೂಟಿನ ಸದ್ದು ಕೇಳಿತು.

ತೆಂಬಿಲೆ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು ಮುಂದೆ ಬಂದ.

"ನಾನು ಸಾಕ್ಷಿ. ನಾನು ಗಾರ್ಡು. ಅರ್ಜಿ ಹಾಕಿಲ್ಲ."

"ನೀವು ಇವರನ್ನ ಬಂಡೆಗಳ ಮೇಲೆ ನೋಡಿದ್ದೀರಾ?"

"ನೋಡಿದ್ದೀನಿ ಮೇಡಂ. ಹದಿನಾರು ವರ್ಷದಿಂದ. ಮದುವೆಯಾಗಿ ಬಂದ ಎರಡನೇ ತಿಂಗಳಿಂದ. ಬಸುರಿಯಾಗಿದ್ದಾಗ ಮಾತ್ರ ನಾಲ್ಕು ತಿಂಗಳು ಹೋಗ್ಲಿಲ್ಲ. ಎಂಟನೇ ನಂಬರ್ ಬಂಡೆ, ಒಂಬತ್ತು, ಅದರಾಚೆ ಅಲೆ ಜಾಸ್ತಿ ಇರೋ ಹನ್ನೆರಡು. ಹನ್ನೆರಡಕ್ಕೆ ಈ ಊರಲ್ಲಿ ಮೂರು ಜನ ಮಾತ್ರ ಹೋಗಬಲ್ಲರು. ಇವಳು ಒಬ್ಬಳು."

ನೊಡೆ ಕುರ್ಚಿಯಿಂದ ಎದ್ದಿದ್ದ. "ನೋಡಿಯೂ ಚೀಟಿ ಬರೀಲಿಲ್ಲ?"

"ಬರೀಲಿಲ್ಲ ಸಾರ್. ಆ ಕಡೆ ತಿರುಗಿ ನಿಂತೆ."

"ಎಷ್ಟು ಸಲ?"

"ಲೆಕ್ಕ ಇಟ್ಟಿಲ್ಲ ಸಾರ್. ಪ್ರತಿ ಅಮಾವಾಸ್ಯೆ, ಪ್ರತಿ ಹುಣ್ಣಿಮೆ."

ಹೆಂಗಸರ ಗುಂಪಿನಲ್ಲಿ ನಗು ಸಿಡಿಯಿತು. ಅದರ ನಡುವೆ ಮಾಬೇಲೆ ಎದ್ದು ನಿಂತಳು. ಅವಳು ನಗುತ್ತಿರಲಿಲ್ಲ.

"ಮೇಡಂ, ನನ್ನ ಮಗನ್ನ ಒಂದು ಕೇಳ್ತೀನಿ. ಅವಳ ಹೆಸರಿಗೆ ಬರೀದವನು ನನ್ನ ಹೆಸರಿಗೆ ಯಾಕೋ ಬರೆದೆ?"

ತೆಂಬಿಲೆ ತಾಯಿಯ ಕಡೆ ತಿರುಗಿದ.

"ಅಮ್ಮ, ಅವಳು ಬಚ್ಚಿಟ್ಕೋತಾಳೆ. ನೀನು ಯಾವತ್ತು ಬಚ್ಚಿಟ್ಕೊಂಡೆ? ನೊಡೆ ಬರ್ತಿದ್ದಾನೆ ಅಂತ ನಾನು ದೂರದಿಂದ ಶಿಳ್ಳೆ ಹಾಕಿದೆ. ಎಲ್ಲರೂ ಬಗ್ಗಿದ್ರು. ನೀನು ಬಂಡೆ ಮೇಲೆ ಎದ್ದು ನಿಂತು ಸೊಂಟದ ಮೇಲೆ ಕೈ ಇಟ್ಕೊಂಡೆ. ನಾನು ಯಾವ ಕಡೆ ತಿರುಗ್ಬೇಕಿತ್ತು, ನೀನೇ ಹೇಳು."

ಮಾಬೇಲೆ ಸೊಂಟದ ಮೇಲಿಟ್ಟಿದ್ದ ಕೈ ಕೆಳಗಿಳಿಸಿದಳು.

"ಅದು ನಿಜ," ಎಂದು ಕೂತಳು.

ಸೂರು ಬಿರಿಯುವಂತೆ ನಗು. ಯಾಂಚಿಸ್ ಮೇಡಂ ಕರ್ಚೀಫಿನಲ್ಲಿ ಬಾಯಿ ಮುಚ್ಚಿಕೊಂಡು ಗುಮಾಸ್ತನಿಗೆ ಬರೆಯಲು ಸನ್ನೆ ಮಾಡಿದಳು. ಅಷ್ಟರಲ್ಲಿ ಬಾಗಿಲಲ್ಲಿದ್ದ ಇನ್ನೊಬ್ಬ ಗಾರ್ಡು ಕೊಲಿಲೆ ಟೋಪಿ ತೆಗೆದ. "ಮೇಡಂ, ನನ್ನ ಚಿಕ್ಕಮ್ಮನ ಹತ್ರಾನೂ ಚೀಟಿ ಇಲ್ಲ. ನಾನೂ ಸಾಕ್ಷಿ." ಅವನ ಹಿಂದೆ ಉಳಿದ ಇಬ್ಬರೂ ಬಂದರು. ಒಬ್ಬ ಅಕ್ಕನಿಗೆ, ಒಬ್ಬ ಅತ್ತಿಗೆಗೆ. ನೊಡೆ ಖಾಲಿ ಬಾಗಿಲನ್ನೇ ನೋಡುತ್ತ ನಿಂತ.

ಮರುದಿನವೇ ನಾಲ್ವರಿಗೂ ಕೆಲಸದಿಂದ ದೂರವಿರಲು ಕಾಗದ ಬಂತು.

ತೆಂಬಿಲೆ ಅದನ್ನು ಓದಿ ಮೇಜಿನ ಮೇಲಿಟ್ಟಾಗ ಮನೆಯಲ್ಲಿ ಯಾರೂ ಅಳಲಿಲ್ಲ. ಮಾಬೇಲೆ ತನ್ನ ಗುಡಿಸಲಿನಿಂದ ಹಿಟ್ಟಿನ ಚೀಲ, ಮೂರುಕಾಲಿನ ಕಬ್ಬಿಣದ ಮಡಕೆ, ಉಪ್ಪಿನ ಡಬ್ಬಿ ಒಂದೊಂದಾಗಿ ತಂದು ಸೊಸೆಯ ಅಡುಗೆಮನೆಯಲ್ಲಿಟ್ಟಳು.

"ಎರಡು ಒಲೆಗೆ ಸೌದೆ ದಂಡ," ಎಂದಳು. "ಪಿಂಚಣಿ ಒಂದೇ. ಮಡಕೆನೂ ಒಂದೇ ಸಾಕು."

"ಅಮ್ಮ, ಕೆಲಸ ಹೋದ್ರೆ…" ಎಂದು ತೆಂಬಿಲೆ ಶುರುಮಾಡಿದ.

"ಹೋದ್ರೆ ನಿನ್ನ ಹೆಂಡ್ತಿ ಸಾಕ್ತಾಳೆ. ಹನ್ನೆರಡನೇ ನಂಬರ್ ಬಂಡೆಗೆ ಹೋಗೋ ಹೆಂಗಸು ಅಂತ ನೀನೇ ಅಷ್ಟು ಜನರ ಮುಂದೆ ಹೊಗಳಿದೆಯಲ್ಲ. ಮಕೋಟಿ, ಅವನಿಗೆ ಇನ್ನೊಂದು ಸೌಟು ಹಾಕು. ನೋಡು ಹೇಗೆ ಒಣಗಿದ್ದಾನೆ."

ಹನ್ನೆರಡು ದಿನ ತೀರಕ್ಕೆ ಗಾರ್ಡುಗಳಿಲ್ಲ. ಮೊದಲ ವಾರ ಆಡುಗಳು ನುಗ್ಗಿ ರಕ್ಷಿತ ವಲಯದ ಪ್ರವಾಸಿ ಬಂಗಲೆಗಳ ಹೂವಿನ ತೋಟ ಮೇಯ್ದವು. ಆಮೇಲೆ ಕೋತಿಗಳು ಆ ಬಂಗಲೆಗಳ ಅಡುಗೆಮನೆಗೇ ನುಗ್ಗಿದವು. ನೊಡೆ ಹೊಸ ಗಾರ್ಡುಗಳನ್ನು ಹುಡುಕಿ ಮೂರು ಊರು ಸುತ್ತಿದ, ಒಬ್ಬನೂ ಬರಲಿಲ್ಲ. ಪಟ್ಟಣದ ದೊಡ್ಡ ಕಚೇರಿಯಿಂದ ಅವನಿಗೊಂದು ಫೋನು ಬಂತಂತೆ. ಹದಿಮೂರನೆಯ ದಿನ ನಾಲ್ವರಿಗೂ ಎಚ್ಚರಿಕೆಯ ಪತ್ರ ಕೊಟ್ಟು ವಾಪಸು ಕರೆಸಿಕೊಂಡ.

ಪಟ್ಟಿ ಬಂದದ್ದು ಅದಾದ ಏಳು ವಾರಕ್ಕೆ. ಶಾಲೆಯ ಗೋಡೆಗೆ ಅಂಟಿಸಿದ ಹಾಳೆಗಳ ಮುಂದೆ ಅಫಿವೆಯನ್ನು ಸ್ಟೂಲಿನ ಮೇಲೆ ಹತ್ತಿಸಿ ಓದಿಸಿದರು. ಒಂದೊಂದು ಹೆಸರಿಗೂ ಕೂಗು. ನೂರಹದಿನೆಂಟನೆಯದು ನೊಸಕೆಲೆಯದು. ಅವಳು ಓಡಿ ಹೋಗಿ ಬೆರಳಿಟ್ಟು ತನ್ನ ಹೆಸರನ್ನು ಅಕ್ಷರ ಅಕ್ಷರವಾಗಿ ಮುಟ್ಟಿ ನೋಡಿದಳು. ಆಮೇಲೆ ತಿರುಗಿ ಮಾಬೇಲೆಯ ಕೊರಳಿಗೆ ಬಿದ್ದಳು. ಸೊಸೆ ಅತ್ತೆಯನ್ನು ಹಾಗೆಲ್ಲ ಅಪ್ಪಿಕೊಳ್ಳುವ ಪದ್ಧತಿಯಿಲ್ಲ. ಮಾಬೇಲೆ ಸುತ್ತ ನೋಡಿ, ಯಾರೇನು ಅಂದುಕೊಂಡಾರು ಎಂದು ಒಂದು ಗಳಿಗೆ ತಡೆದು, ಆಮೇಲೆ ಗಟ್ಟಿಯಾಗಿ ಅಪ್ಪಿಕೊಂಡಳು.

ಮುಂದಿನ ಅಮಾವಾಸ್ಯೆಗೆ ಮುಳ್ಳುತಂತಿಯ ನಡುವೆ ಹೊಸ ಗೇಟು ಇಟ್ಟಿದ್ದರು. ಬೆಳಿಗ್ಗೆ ಒಂಬತ್ತಕ್ಕೆ ಸಮುದ್ರ ಪೂರ್ತಿ ಇಳಿಯುವ ಹೊತ್ತು. ನೂರಹದಿನೈದು ಹೆಂಗಸರು ಸಾಲಾಗಿ, ತಲೆಯ ಮೇಲೆ ಬಕೀಟು, ಕೈಯಲ್ಲಿ ಸ್ಪ್ರಿಂಗಿನ ತುಂಡು, ಹಾಡುತ್ತ ಗುಡ್ಡ ಇಳಿದರು. ಗೇಟಿನಲ್ಲಿ ತೆಂಬಿಲೆ ತಕ್ಕಡಿ ಇಟ್ಟುಕೊಂಡು ನಿಂತಿದ್ದ. ತಲೆಗೆ ಇಷ್ಟು ಕಿಲೋ, ಮರಿ ಚಿಪ್ಪು ಕೀಳುವಂತಿಲ್ಲ, ವರ್ಷಕ್ಕೆ ಮೂರು ತಿಂಗಳು ಬಂಡೆಗೆ ಬಿಡುವು. ಸಂಘದ ಹೆಂಗಸರೇ ಕೂತು ಮಾಡಿದ ನಿಯಮ.

"ಸಂಘದ ಕಾರ್ಡು ತೋರಿಸಿ," ಎಂದ ತಾಯಿಗೆ.

"ನನ್ನ ಮುಖ ಗುರುತಿಲ್ವಾ ನಿಂಗೆ?"

"ನಿಯಮ ನಿಮ್ಮದೇ ಅಲ್ವಾ ಅಮ್ಮ."

ಮಾಬೇಲೆ ಕಾರ್ಡು ತೋರಿಸಿದಳು. ಅವನು ಎರಡೂ ಕೈಯಲ್ಲಿ ತೆಗೆದುಕೊಂಡು, ನೋಡಿ, ಎರಡೂ ಕೈಯಲ್ಲಿ ವಾಪಸು ಕೊಟ್ಟ.

ನೊಸಕೆಲೆ ನೇರ ಹನ್ನೆರಡನೆಯ ಬಂಡೆಗೆ ಹೋದಳು. ಅಲೆ ಎದೆಯವರೆಗೆ ಹೊಡೆಯುತ್ತಿದ್ದರೂ ಅವಳು ಅಲ್ಲಿಂದ ಕೇಕೆ ಹಾಕುತ್ತಿದ್ದದ್ದು ದಡಕ್ಕೂ ಕೇಳುತ್ತಿತ್ತು. ಹನ್ನೊಂದಕ್ಕೆ ಏರಿದ ನೀರು ಬಂಡೆಗಳನ್ನು ಮುಚ್ಚತೊಡಗಿದಾಗ ಬಕೀಟುಗಳೆಲ್ಲ ತುಂಬಿದ್ದವು. ತೂಕ ಮುಗಿದ ಮೇಲೆ ಯಾರಿಗೂ ಗುಡ್ಡ ಹತ್ತುವ ಮನಸ್ಸಿರಲಿಲ್ಲ.

ಹೊಗೆ ಕಂಡರೆ ಗಾರ್ಡು ಬರುತ್ತಾನೆಂದು ನಲವತ್ತು ವರ್ಷ ಯಾರೂ ಆ ದಡದಲ್ಲಿ ಒಲೆ ಹೂಡಿರಲಿಲ್ಲ. ಮಾಜೋಲಾ ಮೂರು ಕಲ್ಲು ಉರುಳಿಸಿ ತಂದಳು. ಒಬ್ಬಳು ಮಡಕೆ, ಇನ್ನೊಬ್ಬಳು ಈರುಳ್ಳಿ. ಅಫಿವೆ ಸೌದೆ ಆಯ್ದು ತಂದಳು. ಚಿಪ್ಪುಗಳು ಬಿಸಿಗೆ ಬಾಯಿಬಿಟ್ಟು ಟಕಟಕ ಸದ್ದು ಮಾಡಿದವು. ತೆಂಬಿಲೆ ಟೋಪಿ ತೆಗೆದಿಟ್ಟು ಹೆಂಡತಿಯ ಪಕ್ಕ ಮರಳ ಮೇಲೆ ಕೂತು, ಬೆರಳು ಸುಟ್ಟುಕೊಳ್ಳುತ್ತ ಮೊದಲ ಚಿಪ್ಪು ಬಿಡಿಸಿ ತಾಯಿಯ ಕೈಗಿಟ್ಟ.

ಮಾಬೇಲೆ ಅದನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಅಗಿದಳು. ಕಣ್ಣು ತೆರೆದು ಒಲೆಯ ಕಡೆ ನೋಡಿದಳು. ಸೌದೆ ಒಣಗಿತ್ತು, ಹೊಗೆ ತೆಳ್ಳಗೆ ಏಳುತ್ತಿತ್ತು.

"ಏನೇ ಅಫಿವೆ, ಇಷ್ಟೇನಾ?" ಎಂದಳು. "ಹಸಿ ಕಟ್ಟಿಗೆ ಹಾಕು. ಊರಿಗೆಲ್ಲಾ ಕಾಣ್ಲಿ."